ಫಿಟ್ಸ್ ಮಾತ್ರೆ ಮತ್ತು ಬಸಿರು: ತಯಾರಿಯಿಂದ ಬಾಣಂತನದವರೆಗೆ ಹಂತ ಹಂತವಾಗಿ

ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದೇ. ಕಿಟ್‌ನಲ್ಲಿ ಎರಡು ಗೆರೆ ಮೂಡಿದ ದಿನವೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತೆಂಬ ಭಯ. ಮನೆಯ ಹಿರಿಯರೂ, ಕೆಲವೊಮ್ಮೆ ಮೆಡಿಕಲ್ ಶಾಪಿನವರೂ ಅದನ್ನೇ ಹೇಳುತ್ತಾರೆ. ಕೆಲವೇ ದಿನಗಳಲ್ಲಿ ಮೈಯೆಲ್ಲ ಸೆಳೆದು, ಬಿದ್ದು, ಆಸ್ಪತ್ರೆ ಸೇರಬೇಕಾಗುತ್ತದೆ.

ಮಾತ್ರೆ ತಟ್ಟನೆ ನಿಂತರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು. ದೊಡ್ಡ ಫಿಟ್ಸ್ ನಡೆಯುವಾಗ ತಾಯಿಯ ಉಸಿರು ಕಟ್ಟಿ ಕೂಸಿಗೆ ಆಮ್ಲಜನಕ ಸಾಲದಾಗುತ್ತದೆ. ಬಿದ್ದ ಪೆಟ್ಟಿಗೆ ಮಾಸು ಗರ್ಭಕೋಶದಿಂದ ಬಿಟ್ಟುಕೊಳ್ಳಬಹುದು. ನಿದ್ದೆಯಲ್ಲಿ ಬಂದ ಫಿಟ್ಸ್ ತಾಯಿಯ ಜೀವವನ್ನೇ ತೆಗೆಯಬಹುದು. ಕೆಲವು ಮಾತ್ರೆಗಳು ಕೂಸಿಗೆ ಅಪಾಯ ಎಂಬುದೂ ನಿಜವೇ. ಆದ್ದರಿಂದ ಕೆಲಸಕ್ಕೊಂದು ಕ್ರಮವಿದೆ: ಮಾತ್ರೆ ಬದಲಿಸುವುದಿದ್ದರೆ ಬಸಿರಿಗೆ ಮೊದಲು, ಬಸಿರಿನಲ್ಲಿ ಒಂದು ಹೊತ್ತೂ ತಪ್ಪಿಸದಿರುವುದು, ಬೇಕಾದಾಗ ಡೋಸ್ ಏರಿಸಿ, ಹೆರಿಗೆಯ ನಂತರ ಇಳಿಸುವುದು. ಇದರಲ್ಲಿ ಯಾವುದನ್ನೂ ವೈದ್ಯರನ್ನು ಕೇಳದೆ ಮಾಡುವಂತಿಲ್ಲ. ಈ ಕ್ರಮದಲ್ಲಿ ನಡೆದರೆ ಮೂರ್ಛೆರೋಗವಿರುವ ಹತ್ತು ತಾಯಂದಿರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಆರೋಗ್ಯವಂತ ಮಗುವೇ ಹುಟ್ಟುತ್ತದೆ.

ಮೊದಲು ಕೈಲಿರಬೇಕಾದ್ದು

- ಬೆಳಿಗ್ಗೆ, ರಾತ್ರಿ ಎಂದು ಖಾನೆಗಳಿರುವ ಏಳು ದಿನದ ಮಾತ್ರೆ ಡಬ್ಬಿ. ನುಂಗಿದೆನೋ ಇಲ್ಲವೋ ಎಂಬ ಗೊಂದಲ ಖಾನೆ ನೋಡಿದರೆ ತೀರುತ್ತದೆ.
- ಒಂದು ನೋಟ್‌ಬುಕ್: ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಮಾತ್ರೆ.
- ಎರಡು ವಾರಕ್ಕಾಗುವಷ್ಟು ಹೆಚ್ಚುವರಿ ಮಾತ್ರೆ. ಮುಗಿದ ಮೇಲೆ ತರುವುದಲ್ಲ.
- ಹಳೆಯ ಚೀಟಿ, ಇಇಜಿ, ಎಂಆರ್‌ಐ ವರದಿಗಳು ಒಂದೇ ಫೈಲಿನಲ್ಲಿ, ತಾಯಿ ಕಾರ್ಡಿನ ಜೊತೆಗೆ.
- ಫಿಟ್ಸ್ ಬಂದಾಗ ಏನು ಮಾಡಬೇಕೆಂದು ತಿಳಿದ ಒಬ್ಬರಾದರೂ ಮನೆಯಲ್ಲಿ.

ಕೊನೆಯದು ಎಷ್ಟೋ ಮನೆಗಳಲ್ಲಿ ಇರುವುದಿಲ್ಲ, ಏಕೆಂದರೆ ಅತ್ತೆ ಮನೆಗೆ ಕಾಯಿಲೆಯ ವಿಷಯವೇ ಗೊತ್ತಿರುವುದಿಲ್ಲ. ಬಚ್ಚಿಟ್ಟು ನುಂಗುವ ಮಾತ್ರೆ ತಪ್ಪಿಯೇ ತಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಹೆಸರಿಸಿದ್ದ ಅಂಶವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಈ ಕಾಯಿಲೆ ಇದೆ ಎಂಬುದೊಂದೇ ಮದುವೆ ಮುರಿಯಲು ಕಾರಣವಾಗದು. ಕಡೇಪಕ್ಷ ಗಂಡನಿಗಾದರೂ ಹೇಳಿ, ಚೀಟಿ ತೋರಿಸಿ.

ಹಂತ 1: ಮಾತ್ರೆಯೊಳಗಿನ ಔಷಧ ಯಾವುದೆಂದು ತಿಳಿಯಿರಿ

ಮಾತ್ರೆ ಪಟ್ಟಿಯ (ಸ್ಟ್ರಿಪ್) ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವುದೇ ಔಷಧದ ಹೆಸರು, ನಿಮಗೆ ಬೇಕಾದ್ದು ಅದು. ವಾಲ್ಪರಿನ್, ಎನ್‌ಕೊರೇಟ್ ಎಂದಿದ್ದರೆ ಒಳಗಿರುವುದು ವಾಲ್‌ಪ್ರೊಯೇಟ್. ಲೆವಿಪಿಲ್ ಎಂದರೆ ಲೆವೆಟಿರಾಸೆಟಾಮ್. ಲ್ಯಾಮಿಟರ್ ಎಂದರೆ ಲ್ಯಾಮೊಟ್ರಿಜಿನ್. ಎಪ್ಟೊಯಿನ್ ಎಂದರೆ ಫೆನಿಟೊಯಿನ್. ಟೆಗ್ರಿಟಾಲ್ ಎಂದರೆ ಕಾರ್ಬಮಜೆಪಿನ್. ಗಾರ್ಡಿನಾಲ್ ಎಂದರೆ ಫೀನೊಬಾರ್ಬಿಟೋನ್.

ಯಾವ ಔಷಧವನ್ನೂ ತೆಗೆದುಕೊಳ್ಳದ ತಾಯಂದಿರ ನೂರು ಮಕ್ಕಳಲ್ಲೂ ಎರಡು ಮೂರು ಮಕ್ಕಳಿಗೆ ದೊಡ್ಡ ಅಂಗದೋಷ ಇರುತ್ತದೆ. ಹಲವು ದೇಶಗಳ ಬಸುರಿಯರ ದಾಖಲೆ ಇಟ್ಟಿರುವ ಯೂರಾಪ್ ನೋಂದಣಿಯಲ್ಲಿ ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಾಮ್ ಎರಡೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿವೆ, ನೂರಕ್ಕೆ ಸುಮಾರು ಮೂರು. ಕಾರ್ಬಮಜೆಪಿನ್ ಐದರ ಆಸುಪಾಸು, ಫೆನಿಟೊಯಿನ್ ಮತ್ತು ಫೀನೊಬಾರ್ಬಿಟೋನ್ ಆರು. ಟೊಪಿರಮೇಟ್‌ನಿಂದ ಸೀಳುತುಟಿ, ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು.

ವಾಲ್‌ಪ್ರೊಯೇಟ್‌ನದೇ ಬೇರೆ ಲೆಕ್ಕ. ನೂರಕ್ಕೆ ಸುಮಾರು ಹತ್ತು ಮಕ್ಕಳಲ್ಲಿ ಅಂಗದೋಷ. ದಿನದ ಡೋಸ್ 650 ಮಿ.ಗ್ರಾಂ. ಒಳಗಿದ್ದರೆ ಅದು ಆರರ ಹತ್ತಿರ. 1,450 ಮೀರಿದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ. ಬೆನ್ನುಹುರಿ ಮುಚ್ಚಿಕೊಳ್ಳದಿರುವುದು, ಹೃದಯದ ದೋಷ, ಸೀಳು ಅಂಗುಳ ಇವು ಮುಖ್ಯ. ಹುಟ್ಟಿದಾಗ ಚೆನ್ನಾಗಿಯೇ ಕಂಡ ಮಕ್ಕಳಲ್ಲೂ ನೂರಕ್ಕೆ 30ರಿಂದ 40 ಮಕ್ಕಳಿಗೆ ಮಾತು ತಡವಾಗುವುದು, ಕಲಿಕೆಯಲ್ಲಿ ಹಿಂದುಳಿಯುವುದು, ಆಟಿಸಂ ಮುಂತಾದ ತೊಂದರೆ ಬರಬಹುದು. ಇದೇ ಔಷಧವನ್ನು ಮೈಗ್ರೇನಿಗೂ ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ. ಹಾಗಾಗಿ ಫಿಟ್ಸ್ ಇಲ್ಲದ ಹೆಣ್ಣುಮಕ್ಕಳೂ ಪಟ್ಟಿ ತಿರುಗಿಸಿ ಓದಬೇಕು.

ಹಂತ 2: ಆರು ತಿಂಗಳು ಮುಂಚೆ ನರರೋಗ ತಜ್ಞರನ್ನು ನೋಡಿ

ಆರು ತಿಂಗಳು ಯಾಕೆ? ವಾಲ್‌ಪ್ರೊಯೇಟ್ ಬಿಡಿಸಿ ಲ್ಯಾಮೊಟ್ರಿಜಿನ್‌ಗೆ ಬರುವುದು ಒಂದೆರಡು ದಿನದ ಕೆಲಸವಲ್ಲ. ವಾಲ್‌ಪ್ರೊಯೇಟ್ ಜೊತೆಗಿರುವಾಗ ಲ್ಯಾಮೊಟ್ರಿಜಿನ್ ಅನ್ನು ಸಾಮಾನ್ಯವಾಗಿ 25 ಮಿ.ಗ್ರಾಂ.ನಂತೆ ದಿನ ಬಿಟ್ಟು ದಿನ ಶುರುಮಾಡಿ, ಎರಡೆರಡು ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಬೇಗ ಏರಿಸಿದರೆ ಚರ್ಮ ಸುಲಿಯುವ, ಜೀವಕ್ಕೇ ಕುತ್ತು ತರುವ ಅಲರ್ಜಿ ಬರಬಹುದು. ಮೊದಲ ಎಂಟು ವಾರದಲ್ಲಿ ಮೈಮೇಲೆ ಗಂಧೆ, ಬಾಯಿಹುಣ್ಣು, ಕಣ್ಣು ಕೆಂಪು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಹೊಸ ಮಾತ್ರೆ ಹಿಡಿತಕ್ಕೆ ಬಂದ ಮೇಲೂ ಅದರಲ್ಲಿ ಫಿಟ್ಸ್ ನಿಂತಿದೆಯೇ ಎಂದು ಕೆಲವು ತಿಂಗಳು ನೋಡಬೇಕು. ಬಸಿರಿಗೆ ಮೊದಲು ಒಂಬತ್ತು ತಿಂಗಳು ಫಿಟ್ಸ್ ಇಲ್ಲದೆ ಕಳೆದಿದ್ದರೆ, ಬಸಿರಿನಲ್ಲೂ ಹಾಗೇ ಕಳೆಯುವ ಸಂಭವ ಬಹಳ ಹೆಚ್ಚು.

ಈ ಭೇಟಿಯಲ್ಲಿ ನಾಲ್ಕು ಪ್ರಶ್ನೆ ಕೇಳದೆ ಎದ್ದು ಬರಬೇಡಿ. ಈ ಮಾತ್ರೆ ನನಗೆ ಇನ್ನೂ ಬೇಕೇ? ಎರಡು ಮೂರು ಬಗೆಯಿದ್ದರೆ ಒಂದೇ ಸಾಕಾದೀತೇ? ಫಿಟ್ಸ್ ತಡೆಯುವ ಅತಿ ಕಡಿಮೆ ಡೋಸ್ ಎಷ್ಟು? ರಕ್ತದಲ್ಲಿ ಔಷಧದ ಮಟ್ಟವನ್ನು ಈಗಲೇ ನೋಡಿಡಬೇಕೇ? ಕೊನೆಯ ಪ್ರಶ್ನೆ ಏಕೆಂದು ಆರನೇ ಹಂತದಲ್ಲಿ ತಿಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಇದೆಯೇ ವಿಚಾರಿಸಿ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಇದೆ. ಔಷಧ ಬದಲಾವಣೆ ಮುಗಿಯುವವರೆಗೆ ಬಸಿರಾಗದಂತೆ ಕಾಪರ್-ಟಿ ಅಥವಾ ಕಾಂಡೋಮ್ ಬಳಸಿ. ಫೆನಿಟೊಯಿನ್, ಕಾರ್ಬಮಜೆಪಿನ್, ಫೀನೊಬಾರ್ಬಿಟೋನ್ ನುಂಗುವವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹಂತ 3: ಫೋಲಿಕ್ ಆಮ್ಲ

ಬಸಿರಿಗೆ ಪ್ರಯತ್ನಿಸುವ ಮೂರು ತಿಂಗಳು ಮೊದಲೇ ಶುರುಮಾಡಿ. ಫಿಟ್ಸ್ ಔಷಧದಲ್ಲಿರುವವರಿಗೆ ನಮ್ಮಲ್ಲಿ ದಿನಕ್ಕೆ 5 ಮಿ.ಗ್ರಾಂ. ಬರೆಯುವುದು ರೂಢಿ. ಕೆಲವು ವೈದ್ಯರು ಔಷಧವನ್ನು ನೋಡಿ ಅದಕ್ಕಿಂತ ಕಡಿಮೆ ಬರೆಯುತ್ತಾರೆ. ಚೀಟಿಯಲ್ಲಿರುವಷ್ಟನ್ನೇ ನುಂಗಿ.

ಇಲ್ಲಿ ಆಗುವ ತಪ್ಪು: ಆಶಾ ಕಾರ್ಯಕರ್ತೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲೂ ಫೋಲಿಕ್ ಆಮ್ಲ ಇದೆ, ಅದೇ ಸಾಕು ಎಂದುಕೊಳ್ಳುವುದು. ಅದರಲ್ಲಿರುವುದು 500 ಮೈಕ್ರೋಗ್ರಾಂ, ಅಂದರೆ 5 ಮಿ.ಗ್ರಾಂ.ನ ಹತ್ತರಲ್ಲಿ ಒಂದು ಪಾಲು. ಎರಡನೆಯ ತಪ್ಪು ತಡಮಾಡುವುದು. ಕೂಸಿನ ಬೆನ್ನುಹುರಿಯ ಕೊಳವೆ ಗರ್ಭಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಜನರಿಗೆ ಬಸಿರಾದದ್ದೇ ಗೊತ್ತಿರುವುದಿಲ್ಲ.

ಹಂತ 4: ಬಸಿರು ಗೊತ್ತಾದ ವಾರ

ಇಂದಿನ ಮಾತ್ರೆ ಇಂದೇ ನುಂಗಿ. ಯೋಜನೆಯಿಲ್ಲದೆ ಬಸಿರಾಗಿದ್ದರೂ, ನುಂಗುತ್ತಿರುವುದು ವಾಲ್‌ಪ್ರೊಯೇಟ್ ಆಗಿದ್ದರೂ ಇದೇ ಮಾತು. ಮೇಲೆ ಹೇಳಿದಂತೆ, ನಿಮಗೆ ತಿಳಿಯುವ ಹೊತ್ತಿಗೆ ಬೆನ್ನುಹುರಿ ಮುಚ್ಚುವ ಕಾಲ ಮುಗಿದಿರಬಹುದು ಅಥವಾ ಮುಗಿಯುತ್ತಿರಬಹುದು. ಈಗ ತಟ್ಟನೆ ನಿಲ್ಲಿಸಿದರೆ ಆದದ್ದು ಹಿಂದಕ್ಕೆ ಬಾರದು, ಫಿಟ್ಸ್ ಮಾತ್ರ ಬರುತ್ತದೆ. ಆದರೆ ಮಿದುಳಿನ ಬೆಳವಣಿಗೆ ಒಂಬತ್ತೂ ತಿಂಗಳು ನಡೆಯುವುದರಿಂದ, ಡೋಸ್ ತಗ್ಗಿಸುವುದೋ ಔಷಧ ಬದಲಿಸುವುದೋ ಎಂಬುದನ್ನು ವೈದ್ಯರು ತುರ್ತಾಗಿ ತೀರ್ಮಾನಿಸಬೇಕು. ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯದೆ ಅದೇ ವಾರ ಹೋಗಿ.

ಹೆರಿಗೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ, ತಾಯಿ ಕಾರ್ಡಿನ ಮೇಲೆ ‘ಮೂರ್ಛೆರೋಗ’ ಎಂದು, ಔಷಧದ ಹೆಸರು ಮತ್ತು ಡೋಸ್ ಸಮೇತ ಬರೆಸಿ. ಹೆರಿಗೆಗೆ ತವರಿಗೆ ಹೋಗುವವರು ಇದನ್ನು ಮರೆಯಲೇಬಾರದು. ಅಲ್ಲಿನ ವೈದ್ಯರಿಗೆ ನಿಮ್ಮ ಬಗ್ಗೆ ಸಿಗುವುದು ಆ ಕಾರ್ಡಿನಲ್ಲಿರುವ ವಿವರ ಮಾತ್ರ.

ಹಂತ 5: ದಿನದಿನದ ನುಂಗುವಿಕೆ

ವಾಂತಿಯ ತಿಂಗಳುಗಳಲ್ಲಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಬೆಳಗಿನ ವಾಂತಿ ಜೋರಿದ್ದರೆ ಹೊಟ್ಟೆ ತಿಳಿಯಾದ ಹೊತ್ತಿಗೆ, ಒಣ ಅವಲಕ್ಕಿಯೋ ಬಿಸ್ಕತ್ತೋ ತಿಂದು ಮಾತ್ರೆ ನುಂಗಿ. ಹೊತ್ತನ್ನು ಹೀಗೆ ಸರಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸನ್ನು ಮತ್ತೆ ನುಂಗಬೇಕೆಂಬುದು ಸಾಮಾನ್ಯ ಸಲಹೆ. ಅದಕ್ಕಿಂತ ತಡವಾಗಿ ಆದರೆ ಮತ್ತೆ ನುಂಗುವುದಿಲ್ಲ. ನಿಮ್ಮ ಔಷಧಕ್ಕೆ ಇದೇ ನಿಯಮವೇ ಎಂದು ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಇಡೀ ದಿನ ಏನೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಲೆವೆಟಿರಾಸೆಟಾಮ್‌ನಂಥವು ಇಂಜೆಕ್ಷನ್ನಿನಲ್ಲೂ ಇವೆ.

ಮರೆತ ಮಾತ್ರೆಯನ್ನು ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ತೀರಾ ಹತ್ತಿರವಿದ್ದರೆ ಮರೆತದ್ದನ್ನು ಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಕ್ರೊನೊ, ಸಿಆರ್, ಇಆರ್ ಎಂದಿರುವ ಮಾತ್ರೆಗಳು ನಿಧಾನಕ್ಕೆ ಕರಗುವಂಥವು. ಪುಡಿಮಾಡಿ ಜೇನುತುಪ್ಪದಲ್ಲಿ ಕಲಸಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕಿಳಿದು, ರಾತ್ರಿಯ ಹೊತ್ತಿಗೆ ಖಾಲಿಯಾಗುತ್ತದೆ. ಕಂಪನಿಯನ್ನೂ ಪ್ರತಿ ತಿಂಗಳು ಬದಲಿಸಬೇಡಿ. ಅಂಗಡಿಯಲ್ಲಿ ‘ಇದೂ ಅದೇ’ ಎಂದರೆ ಔಷಧದ ಹೆಸರು, ಮಿ.ಗ್ರಾಂ., ಸಿಆರ್ ಹೌದೋ ಅಲ್ಲವೋ, ಈ ಮೂರನ್ನೂ ಹಳೆಯ ಪಟ್ಟಿಯ ಪಕ್ಕ ಹಿಡಿದು ನೋಡಿ.

ಜೊತೆಗೆ ಬೀಳುವ ಬೇರೆ ಔಷಧಗಳಲ್ಲೂ ಅಪಾಯವಿದೆ. ಎದೆಯುರಿಗೆ ಕುಡಿಯುವ ಆಂಟಾಸಿಡ್, ಕ್ಯಾಲ್ಸಿಯಂ ಮಾತ್ರೆ ಇವು ಫೆನಿಟೊಯಿನ್ ಮೈಗೆ ಹತ್ತುವುದನ್ನು ತಗ್ಗಿಸುತ್ತವೆ. ನಡುವೆ ಎರಡು ಗಂಟೆ ಬಿಡಿ. ಉರಿಮೂತ್ರಕ್ಕೆಂದು ಅಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್ ತಂದು ನುಂಗಬೇಡಿ. ಅದು ಫಿಟ್ಸ್ ಕೆರಳಿಸಬಲ್ಲದು. ಕರ್ಪೂರ ಮತ್ತು ನೀಲಗಿರಿ ಎಣ್ಣೆಯೂ ಹಾಗೆಯೇ. ನೆಗಡಿಗೆ ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಯುವುದು, ಕರ್ಪೂರ ಕಾಯಿಸಿದ ಎಣ್ಣೆ ಎದೆಗೆ ತಿಕ್ಕುವುದು ಬೇಡ. ಬರೀ ಬಿಸಿನೀರಿನ ಹಬೆ ಸಾಕು.

ನಿದ್ದೆಗೆಟ್ಟರೆ ಮಾತ್ರೆ ನುಂಗಿದ್ದರೂ ಫಿಟ್ಸ್ ಬರುತ್ತದೆ. ಸೀಮಂತದ ಹಿಂದಿನ ರಾತ್ರಿ ಜಾಗರಣೆ, ಅಂದು ಉಪವಾಸ, ಗದ್ದಲದಲ್ಲಿ ಮಾತ್ರೆ ಮರೆವು, ಈ ಮೂರೂ ಸೇರಿದರೆ ಅಪಾಯ. ಹಬ್ಬ ಹರಿದಿನಗಳಲ್ಲಿ ಮಾತ್ರೆ ಡಬ್ಬಿಯ ಹೊಣೆಯನ್ನು ಗಂಡನಿಗೋ ತಂಗಿಗೋ ವಹಿಸಿ.

ಹಂತ 6: ಡೋಸ್ ಏರಿಸಬೇಕಾಗಬಹುದು, ಹೆದರಬೇಡಿ

ಬಸಿರಿನಲ್ಲಿ ಪಿತ್ತಜನಕಾಂಗ, ಮೂತ್ರಪಿಂಡ ಎರಡೂ ಹೆಚ್ಚು ವೇಗವಾಗಿ ಕೆಲಸಮಾಡಿ ಔಷಧವನ್ನು ಬೇಗ ಹೊರಹಾಕುತ್ತವೆ. ನುಂಗುವುದು ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಾಮ್ ಎರಡರಲ್ಲೂ ಮಟ್ಟ ಅರ್ಧದಷ್ಟಕ್ಕೆ ಇಳಿಯಬಹುದು, ಅದೂ ಮೊದಲ ಮೂರು ತಿಂಗಳಲ್ಲೇ ಶುರುವಾಗಿ. ಕಾರ್ಬಮಜೆಪಿನ್‌ನಲ್ಲಿ ಇಳಿಕೆ ಕಡಿಮೆ.

ಬಸಿರಿಗೆ ಮೊದಲು ನೋಡಿಟ್ಟ ಮಟ್ಟ ಈಗ ಅಳತೆಗೋಲಾಗುತ್ತದೆ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿ, ಮಟ್ಟ ಇಳಿದಷ್ಟು ಡೋಸ್ ಏರಿಸುತ್ತಾರೆ. ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಲ್ಯಾಬಿಗೆ ಹೋಗಿ, ರಕ್ತ ಕೊಟ್ಟ ಕೂಡಲೇ ಅಲ್ಲೇ ನುಂಗಿ. ನುಂಗಿ ಹೋದರೆ ಮಟ್ಟ ಹೆಚ್ಚೆಂದು ತೋರಿ ತೀರ್ಮಾನ ತಪ್ಪುತ್ತದೆ. ಈ ಪರೀಕ್ಷೆ ಎಲ್ಲ ಊರಲ್ಲೂ ಸಿಗದು. ಸಿಗದ ಕಡೆ ವೈದ್ಯರು ತಿಂಗಳು ಮತ್ತು ಲಕ್ಷಣ ನೋಡಿ ಏರಿಸುತ್ತಾರೆ, ಆಗ ನಿಮ್ಮ ನೋಟ್‌ಬುಕ್ಕೇ ಅವರಿಗೆ ದಾರಿ. ಕೈ ಚಿಮ್ಮುವುದು, ಕ್ಷಣಕಾಲ ಮಂಕಾಗುವುದು ಮುಂತಾದ ಸಣ್ಣ ಸೂಚನೆಗಳನ್ನೂ ಬರೆಯಿರಿ.

ಏರಿಸಿದ ಡೋಸ್ ಕಂಡು ಗಾಬರಿಯಾಗಿ ಅರ್ಧ ನುಂಗುವವರಿದ್ದಾರೆ. ಏರಿಸಿದ್ದರಿಂದ ಕೂಸಿಗೆ ಹೊಸದಾಗಿ ಹೆಚ್ಚು ಔಷಧ ಹೋಗುತ್ತಿಲ್ಲ, ರಕ್ತದಲ್ಲಿ ಮೊದಲಿದ್ದಷ್ಟೇ ಉಳಿಯುತ್ತಿದೆ.

ಹಂತ 7: ಸ್ಕ್ಯಾನ್‌ಗಳು

11ರಿಂದ 14 ವಾರದೊಳಗೆ ಮೊದಲ ಸ್ಕ್ಯಾನ್. 18ರಿಂದ 20ನೇ ವಾರದಲ್ಲಿ ಅಂಗಾಂಗಗಳನ್ನು ಒಂದೊಂದಾಗಿ ನೋಡುವ ಅನಾಮಲಿ ಸ್ಕ್ಯಾನ್. ಬೆನ್ನುಹುರಿ, ತುಟಿ, ಹೃದಯವನ್ನು ವಿಶೇಷವಾಗಿ ನೋಡಬೇಕಿರುವುದರಿಂದ ಸ್ಕ್ಯಾನ್ ಮಾಡುವವರಿಗೆ ಔಷಧದ ಹೆಸರು ಹೇಳಿ. ಹೃದಯದ ಬಗ್ಗೆ ಸಂಶಯವಿದ್ದರೆ 20ರಿಂದ 24 ವಾರದಲ್ಲಿ ಕೂಸಿನ ಎಕೋ, ಅಂದರೆ ಹೃದಯದ ಸ್ಕ್ಯಾನ್. ಅನಾಮಲಿ ಸ್ಕ್ಯಾನನ್ನು ಮುಂದೂಡಬೇಡಿ. ಗಂಭೀರ ದೋಷ ಕಂಡರೆ ಯೋಚಿಸಲು, ಎರಡನೇ ಅಭಿಪ್ರಾಯ ಪಡೆಯಲು ಸಮಯ ಬೇಕು. ಕಡೆಯ ಮೂರು ತಿಂಗಳಲ್ಲಿ ಕೂಸಿನ ತೂಕ ನೋಡುವ ಸ್ಕ್ಯಾನ್ ಇರುತ್ತದೆ.

ಹಂತ 8: ಫಿಟ್ಸ್ ಬಂದರೆ

ಮನೆಯವರು ಇದನ್ನು ಓದಲಿ. ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ, ತಲೆ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯಬೇಡಿ. ಹಲ್ಲಿನ ನಡುವೆ ಚಮಚ ತುರುಕಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರು, ಮಾತ್ರೆ ಯಾವುದೂ ಬಾಯಿಗೆ ಬೇಡ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಕರೆಮಾಡಿ. ವೈದ್ಯರು ಮಿಡಜೊಲಾಮ್ ಮೂಗಿನ ಸ್ಪ್ರೇ ಬರೆದಿದ್ದರೆ ಅವರು ಹೇಳಿದಷ್ಟನ್ನು ಹೊಡೆಯಿರಿ.

ಬೇಗ ನಿಂತರೂ ಅಂದೇ ಆಸ್ಪತ್ರೆಗೆ ಹೋಗಿ ಕೂಸಿನ ಎದೆಬಡಿತ ನೋಡಿಸಿ. ರಕ್ತಸ್ರಾವ, ಹೊಟ್ಟೆ ಗಟ್ಟಿಯಾಗಿ ನೋಯುವುದು, ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು ಇದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಒಂದು ಎಚ್ಚರಿಕೆ: ಐದು ತಿಂಗಳ ನಂತರ ಬಂದ ಫಿಟ್ಸ್ ಎಲ್ಲವೂ ಹಳೆಯ ಕಾಯಿಲೆಯದೇ ಆಗಿರಬೇಕಿಲ್ಲ. ರಕ್ತದೊತ್ತಡ ಏರಿ ಬರುವ ಎಕ್ಲಾಂಪ್ಸಿಯಾ ನೋಡಲು ಹಾಗೇ ಇರುತ್ತದೆ, ಆದರೆ ಅದರ ಚಿಕಿತ್ಸೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಎದೆಗೂಡಿನ ಕೆಳಗೆ ನೋವು ಕಂಡಿದ್ದರೆ ಅದನ್ನು ಮೊದಲು ಹೇಳಿ, ಬಿಪಿ ನೋಡಿಸಿ.

ಹಂತ 9: ಹೆರಿಗೆ

ಮೂರ್ಛೆರೋಗ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು ಎಂಬುದು ಮಾತ್ರ ಖಂಡಿತ. ನೋವು ಶುರುವಾದಾಗ ಮಾತ್ರೆ ಡಬ್ಬಿ ಬ್ಯಾಗಿಗೆ ಮೊದಲು ಹೋಗಲಿ. ‘ಏನೂ ತಿನ್ನಬೇಡಿ’ ಎಂದಾಗ ಫಿಟ್ಸ್ ಮಾತ್ರೆಯೂ ತಪ್ಪಿಹೋಗುವುದು ಇಲ್ಲಿನ ದೊಡ್ಡ ತಪ್ಪು. ಒಂದು ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಕೇಳಿ. ಆಗದಿದ್ದರೆ ಇಂಜೆಕ್ಷನ್ ಕೇಳಿ. ಲ್ಯಾಮೊಟ್ರಿಜಿನ್ ಇಂಜೆಕ್ಷನ್ನಿನಲ್ಲಿ ಸಿಗುವುದಿಲ್ಲ, ಅದಕ್ಕೆ ಬದಲಿ ಏನೆಂದು ಎಂಟನೇ ತಿಂಗಳಲ್ಲೇ ಬರೆಸಿಕೊಳ್ಳಿ.

ನೋವು ತಗ್ಗಿಸಲು ಎಪಿಡ್ಯುರಲ್, ಅಂದರೆ ಬೆನ್ನಿಗೆ ಕೊಡುವ ಅರಿವಳಿಕೆ, ಆದೀತು. ನೋವಿನ ಔಷಧಗಳಾದ ಪೆಥಿಡಿನ್, ಟ್ರಮಡಾಲ್ ಎರಡೂ ಫಿಟ್ಸ್ ಕೆರಳಿಸಬಲ್ಲವು. ಟ್ರಮಡಾಲ್ ಅನ್ನು ಸಿಸೇರಿಯನ್ ನಂತರವೂ ಕೊಡುವುದುಂಟು, ಹಾಗಾಗಿ ‘ಫಿಟ್ಸ್ ಇದೆ, ಇವೆರಡು ಬೇಡ’ ಎಂದು ಕೇಸ್ ಶೀಟಿನ ಮೇಲೆ ಬರೆಸಿ. ಮಗು ಹುಟ್ಟಿದ ಕೂಡಲೇ ವಿಟಮಿನ್ ಕೆ 1 ಮಿ.ಗ್ರಾಂ. ಇಂಜೆಕ್ಷನ್ ಎಲ್ಲ ಮಕ್ಕಳಿಗೂ ಕೊಡಬೇಕಾದ್ದು. ತಾಯಿ ಫೆನಿಟೊಯಿನ್, ಕಾರ್ಬಮಜೆಪಿನ್, ಫೀನೊಬಾರ್ಬಿಟೋನ್ ನುಂಗುತ್ತಿದ್ದರೆ ಕೊಟ್ಟರೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 10: ಬಾಣಂತನ

ಏರಿಸಿದ್ದ ಡೋಸನ್ನು ಈಗ ಇಳಿಸಬೇಕು. ಮೈ ಹಳೆಯ ಲಯಕ್ಕೆ ಮರಳುತ್ತಿದ್ದಂತೆ ಔಷಧ ರಕ್ತದಲ್ಲಿ ಶೇಖರವಾಗುತ್ತದೆ. ಲೆವೆಟಿರಾಸೆಟಾಮ್‌ನಲ್ಲಿ ಇದು ಮೊದಲ ವಾರದಲ್ಲೇ, ಲ್ಯಾಮೊಟ್ರಿಜಿನ್‌ನಲ್ಲಿ ಎರಡು ಮೂರು ವಾರದಲ್ಲಿ. ಒಂದು ವಸ್ತು ಎರಡಾಗಿ ಕಾಣುವುದು, ತಲೆಸುತ್ತು, ನಡೆಯುವಾಗ ಓಲಾಡುವುದು, ತಡೆಯಲಾರದ ಮಂಪರು ಇವು ಡೋಸ್ ಹೆಚ್ಚಾಗಿರುವ ಸೂಚನೆ. ಮನೆಯವರು ಇದನ್ನು ಬಾಣಂತಿಯ ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ಯಾವ ದಿನ ಎಷ್ಟು ಇಳಿಸಬೇಕೆಂಬ ಪಟ್ಟಿಯನ್ನು ಹೆರಿಗೆಗೆ ಮೊದಲೇ ಬರೆಸಿಕೊಂಡು ತವರಿಗೆ ಒಯ್ಯಿರಿ.

ಎದೆಹಾಲು ಕೊಡಿ. ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಸಿಕ್ಕಿದ್ದಕ್ಕಿಂತ ಹಾಲಿನಲ್ಲಿ ಹೋಗುವ ಔಷಧ ಸಾಮಾನ್ಯವಾಗಿ ಕಡಿಮೆಯೇ. ತಾಯಿ ಫೀನೊಬಾರ್ಬಿಟೋನ್ ಅಥವಾ ಕ್ಲೊಬಜಾಮ್ ಎಂಬ ಇನ್ನೊಂದು ಫಿಟ್ಸ್ ಔಷಧ ನುಂಗುತ್ತಿದ್ದರೆ ಮಗು ಹಾಲಿಗೂ ಏಳದಷ್ಟು ಮಂಪರಾಗಿದೆಯೇ, ತೂಕ ಏರುತ್ತಿದೆಯೇ ನೋಡುತ್ತಿರಿ. ಹಾಗೆ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಹಾಲನ್ನಾಗಲಿ ಮಾತ್ರೆಯನ್ನಾಗಲಿ ನೀವಾಗಿ ನಿಲ್ಲಿಸಬೇಡಿ.

ರಾತ್ರಿಯಿಡೀ ಎದ್ದಿರುವ ಈ ವಾರಗಳಲ್ಲೇ ಫಿಟ್ಸ್ ಬರುವುದು ಹೆಚ್ಚು. ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು ಬೇರೆಯವರು ಕುಡಿಸಿದರೆ ತಾಯಿಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗುತ್ತದೆ. ಫಿಟ್ಸ್ ಪೂರ್ತಿ ಹಿಡಿತಕ್ಕೆ ಬಾರದವರು ನೆಲದ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತು ಹಾಲೂಡಿಸಿ, ನೆಲದ ಮೇಲೆಯೇ ಬಟ್ಟೆ ಬದಲಿಸಿ, ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಬೇಡಿ. ಮಗುವಿಗೆ ನೀರೆರೆಯುವಾಗ ಜೊತೆಗೊಬ್ಬರು ಇರಲೇಬೇಕು. ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಬೇಡ. ಹಂಡೆಯ ಬಿಸಿನೀರಿನ ಬಳಿ ಬಾಣಂತಿ ಒಬ್ಬಳೇ ಇರದಿರಲಿ, ಬಚ್ಚಲಿನ ಚಿಲಕ ಒಳಗಿನಿಂದ ಹಾಕದಿರಲಿ.

ಆರನೇ ವಾರದ ಭೇಟಿಯಲ್ಲಿ ಔಷಧದ ಮಟ್ಟ ಮತ್ತೊಮ್ಮೆ ನೋಡಿಸಿ, ಮುಂದಿನ ಗರ್ಭನಿರೋಧಕ ಯಾವುದೆಂದು ಅಂದೇ ತೀರ್ಮಾನಿಸಿ. ಲ್ಯಾಮೊಟ್ರಿಜಿನ್ ನುಂಗುವವರು ಈಸ್ಟ್ರೊಜೆನ್ ಇರುವ ಗುಳಿಗೆ ಶುರುಮಾಡಿದರೆ ರಕ್ತದಲ್ಲಿ ಔಷಧದ ಮಟ್ಟ ಬಿದ್ದು ಫಿಟ್ಸ್ ಮರಳಬಹುದು. ಕಾಪರ್-ಟಿಗೆ ಆ ತೊಡಕಿಲ್ಲ.